ಹೈಸ್ಕೂಲ್ ಲೈಬ್ರರಿಯಲ್ಲಿ ಹುಡುಕುವುದನ್ನು ಕಲಿಸುವುದು: ಆರು ಪೀರಿಯಡ್‌ಗಳ ಒಂದು ಯೋಜನೆ

‘ಪರಿಸರ ಮಾಲಿನ್ಯ’ ಎಂದು ವಿಷಯ ಕೊಟ್ಟು, ಹದಿನೈದು ದಿನ ಬಿಟ್ಟು ಪ್ರಾಜೆಕ್ಟ್ ಕೇಳಿದರೆ ಏನು ಬರುತ್ತದೆಂದು ಪಾಠ ಮಾಡುವವರಿಗೆಲ್ಲ ಗೊತ್ತು. ಮೇಲೆ ಬಣ್ಣದ ಹೊದಿಕೆ, ಒಳಗೆ ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದರ ನಕಲು, ಕೊನೆಯ ಪುಟದಲ್ಲಿ ‘ಆಧಾರ: ಇಂಟರ್ನೆಟ್’. ಇದಕ್ಕೆ ಮಕ್ಕಳನ್ನು ಬೈದು ಉಪಯೋಗವಿಲ್ಲ. ನಕಲು ಮಾಡಿದರೆ ಸಾಕಾಗುವ ಕೆಲಸವನ್ನೇ ಅವರಿಗೆ ಕೊಡಲಾಗಿದೆ, ಅವರು ಮಾಡಿದ್ದಾರೆ, ಅಂಕವೂ ಸಿಕ್ಕಿದೆ.

ಮಾಹಿತಿ ಹುಡುಕುವುದು, ತೂಗಿ ನೋಡುವುದು, ಆಧಾರ ಹೇಳುವುದು ಇವನ್ನು ಬಿಡಿ ಪಾಠವಾಗಿ ಕಲಿಸಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ನಿಜವಾದ ಒಂದು ಪ್ರಾಜೆಕ್ಟಿನ ನಡುವೆ, ಬೇಕಾದ ಹೊತ್ತಿಗೆ ಕಲಿಸಬೇಕು. ಬರೆದು ತಂದದ್ದಕ್ಕಿಂತ ಅಲ್ಲಿಗೆ ತಲುಪಿದ ದಾರಿಗೆ ಹೆಚ್ಚು ಅಂಕ ಇಡಬೇಕು. ವರ್ಷದ ಮೊದಲ ವಾರ ಎಲ್ಲರನ್ನೂ ಸಾಲಾಗಿ ಕರೆತಂದು ‘ಇದು ಕ್ಯಾಟಲಾಗ್, ಇದು ವಿಶ್ವಕೋಶ’ ಎಂದು ತೋರಿಸುವ ಕಾರ್ಯಕ್ರಮದಿಂದ ಲೈಬ್ರರಿಯ ನಿಯಮ ತಿಳಿಯುತ್ತದೆ, ಅಷ್ಟೇ. ಆಗ ಯಾರಿಗೂ ಏನನ್ನೂ ಹುಡುಕಬೇಕಾಗಿರುವುದಿಲ್ಲ.

ಮಕ್ಕಳು ಒಳಗೆ ಬರುವ ಮೊದಲು

ಲೈಬ್ರರಿಯನ್ ಮತ್ತು ವಿಷಯ ಶಿಕ್ಷಕರು ಅರ್ಧ ಗಂಟೆ ಕೂತು ನಾಲ್ಕು ಸಂಗತಿ ತೀರ್ಮಾನಿಸಿಕೊಳ್ಳಬೇಕು: ವಿಷಯ ಯಾವುದು, ಯಾವ ಪಾಠದ ಜೊತೆ ಹೋಗುತ್ತದೆ, ಯಾವ ದಿನ ಯಾವ ಪೀರಿಯಡ್, ಅಂಕ ಹೇಗೆ. ಈ ಮಾತುಕತೆ ಆಗದಿದ್ದರೆ ಲೈಬ್ರರಿ ಪೀರಿಯಡ್ ಎಂಬುದು ಯಾರೋ ರಜೆ ಹಾಕಿದಾಗ ತರಗತಿಯನ್ನು ಕೂರಿಸುವ ಜಾಗವಾಗಿಬಿಡುತ್ತದೆ.

ನಲವತ್ತು ಮಕ್ಕಳ ತರಗತಿಗೆ ನಾಲ್ವರಂತೆ ಹತ್ತು ಗುಂಪು ಮಾಡಿ. ಐದಾರು ಮಂದಿಯ ಗುಂಪಿನಲ್ಲಿ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ಅಂಚಿಗೆ ಗೆರೆ ಎಳೆಯುತ್ತಾರೆ. 40–45 ನಿಮಿಷದ ಆರು ಪೀರಿಯಡ್ ಬೇಕು, ವಾರಕ್ಕೆ ಎರಡರಂತೆ ಮೂರು ವಾರ. ಆರನ್ನೂ ಒಂದೇ ವಾರಕ್ಕೆ ತುರುಕಬೇಡಿ. ಓದಿದ್ದು ಪ್ರಶ್ನೆಯನ್ನು ಬದಲಿಸಲು ನಡುವೆ ಒಂದೆರಡು ದಿನ ಬೇಕೇ ಬೇಕು.

ವಿಷಯಕ್ಕೆ ಸಂಬಂಧಪಟ್ಟ 25–30 ಪುಸ್ತಕ, ಹಳೆಯ ಪತ್ರಿಕೆಗಳನ್ನು ಒಂದು ಮೇಜಿನ ಮೇಲೆ ತೆಗೆದಿಡಿ. ಇರುವುದನ್ನೆಲ್ಲ ತೆಗೆದಿಡಬೇಡಿ, ಹತ್ತಾರು ಪುಸ್ತಕ ಕಪಾಟಿನಲ್ಲೇ ಇರಲಿ, ಅವನ್ನು ಹುಡುಕುವುದು ಎರಡನೇ ಪೀರಿಯಡ್‌ನ ಕೆಲಸ. ಈ ಮೂರು ವಾರ ಆ ವಿಷಯದ ಪುಸ್ತಕಗಳನ್ನು ಮನೆಗೆ ಕೊಡುವುದು ನಿಲ್ಲಿಸಿ. ಇಲ್ಲದಿದ್ದರೆ ಮೊದಲು ಬಂದ ಗುಂಪು ಚೆನ್ನಾಗಿರುವ ನಾಲ್ಕನ್ನು ಚೀಲಕ್ಕೆ ಹಾಕಿಕೊಂಡು ಹೋಗುತ್ತದೆ.

ಮುಂದೆ ಉದಾಹರಣೆಗಾಗಿ ‘ನಿದ್ದೆ’ ಎಂಬ ವಿಷಯವನ್ನು ಇಟ್ಟುಕೊಳ್ಳೋಣ. ಜೀವಶಾಸ್ತ್ರಕ್ಕೂ ಹೊಂದುತ್ತದೆ, ಹದಿನೈದರ ವಯಸ್ಸಿನವರಿಗೆ ತಮ್ಮದೇ ಸಮಸ್ಯೆಯೂ ಹೌದು.

ಮೊದಲ ಪೀರಿಯಡ್: ಪ್ರಶ್ನೆ

ಈ ದಿನ ಪುಸ್ತಕ ಮುಟ್ಟಬಾರದು, ಕಂಪ್ಯೂಟರ್ ಹಾಕಬಾರದು. ಪ್ರತಿ ಗುಂಪಿಗೆ ಒಂದು ದೊಡ್ಡ ಹಾಳೆ, ಐದು ನಿಮಿಷ. ನಿದ್ದೆಯ ಬಗ್ಗೆ ತೋಚಿದ ಪ್ರಶ್ನೆಗಳನ್ನೆಲ್ಲ ಬರೆಯಬೇಕು. ಯಾರ ಪ್ರಶ್ನೆಗೂ ನಗಬಾರದು, ಉತ್ತರ ಹೇಳಬಾರದು, ಹೇಳಿದ ಮಾತಿನಲ್ಲೇ ಬರೆದುಕೊಳ್ಳಬೇಕು. ‘ಮೊಬೈಲಿಂದ ನಿದ್ದೆ ಕೆಡುತ್ತೆ’ ಎಂದು ಯಾರಾದರೂ ಹೇಳಿದರೆ ಅದನ್ನು ಪ್ರಶ್ನೆಯಾಗಿ ತಿರುಗಿಸಬೇಕು. ಶಿಕ್ಷಕರಿಗೆ ಕಷ್ಟವಾಗುವುದು ಬಾಯಿ ಮುಚ್ಚಿಕೊಂಡಿರುವುದು. ‘ಇದು ಒಳ್ಳೆಯ ಪ್ರಶ್ನೆ’ ಎಂದು ಒಂದು ಗುಂಪಿಗೆ ಹೇಳಿದರೆ ಉಳಿದ ಒಂಬತ್ತು ಗುಂಪುಗಳಲ್ಲೂ ಅದೇ ಪ್ರಶ್ನೆ ಕಾಣಿಸಿಕೊಳ್ಳುತ್ತದೆ.

ಆಮೇಲೆ ಪ್ರಶ್ನೆಗಳನ್ನು ಜರಡಿ ಹಿಡಿಯುವುದು. ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದು ತೋರಿಸಿ.

‘ನಿದ್ದೆ ಎಂದರೇನು?’ ಇದಕ್ಕೆ ನಿಘಂಟು ಸಾಕು.

‘ಹದಿಹರೆಯದವರಿಗೆ ಎಷ್ಟು ಗಂಟೆ ನಿದ್ದೆ ಬೇಕು?’ ಇದಕ್ಕೆ ಒಂದು ಅಂಕಿ ಸಾಕು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿರುವಂತೆ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ. ಸಿಕ್ಕಿತು, ಮುಗಿಯಿತು.

‘ಶಾಲೆ ಒಂದು ಗಂಟೆ ತಡವಾಗಿ ಶುರುವಾದರೆ ಮಕ್ಕಳು ಹೆಚ್ಚು ನಿದ್ದೆ ಮಾಡುತ್ತಾರೋ, ಅಥವಾ ರಾತ್ರಿ ಒಂದು ಗಂಟೆ ತಡವಾಗಿ ಮಲಗುತ್ತಾರೋ?’ ಇದಕ್ಕೆ ಎರಡು ಮೂರು ಕಡೆ ಓದಬೇಕು, ಒಂದಕ್ಕೊಂದು ಹೋಲಿಸಬೇಕು, ಕೊನೆಗೆ ತಾವೇ ಒಂದು ತೀರ್ಮಾನಕ್ಕೆ ಬರಬೇಕು. ಇದನ್ನು ನಕಲು ಮಾಡಲು ಎಲ್ಲೂ ಸಿದ್ಧ ಪುಟ ಇರುವುದಿಲ್ಲ.

ಪ್ರತಿ ಗುಂಪು ಮೂರನೇ ಬಗೆಯ ಎರಡು ಪ್ರಶ್ನೆಗಳನ್ನು ಆರಿಸಿ ಪೆನ್ಸಿಲ್‌ನಲ್ಲಿ ಬರೆಯಲಿ. ಪೆನ್ಸಿಲ್ ಏಕೆಂದರೆ ಇದು ತಾತ್ಕಾಲಿಕ. ಏನೂ ಓದದೆ ಅಂತಿಮ ಪ್ರಶ್ನೆ ಕೇಳಿದರೆ ಗೊತ್ತಿರುವುದನ್ನೇ ಕೇಳುತ್ತಾರೆ.

ಮುಂದಿನ ಕೆಲವು ದಿನಗಳಲ್ಲಿ ಬರುವ ಒಂದು ಘಟ್ಟವನ್ನು ಮೊದಲೇ ತಿಳಿದಿರಿ. ಕ್ಯಾರಲ್ ಕುಲ್ಥಾವ್ ಎಂಬ ಗ್ರಂಥಾಲಯ ವಿಜ್ಞಾನಿ 1980ರ ದಶಕದಲ್ಲಿ ಹೈಸ್ಕೂಲ್ ವಿದ್ಯಾರ್ಥಿಗಳು ಸಂಶೋಧನಾ ಪ್ರಬಂಧ ಬರೆಯುವುದನ್ನು ಗಮನಿಸಿ ಹುಡುಕಾಟವನ್ನು ಆರು ಹಂತಗಳಾಗಿ ವಿವರಿಸಿದರು. ವಿಷಯ ಆರಿಸಿದಾಗ ಇರುವ ಉತ್ಸಾಹ, ಓದಲು ಶುರುಮಾಡಿದ ಮೇಲೆ ಕುಸಿಯುತ್ತದೆ. ಒಂದು ಪುಸ್ತಕ ಹೇಳಿದ್ದಕ್ಕೆ ಇನ್ನೊಂದು ಹೊಂದುವುದಿಲ್ಲ, ಗೊಂದಲ ಹೆಚ್ಚುತ್ತದೆ. ‘ಸಾರ್, ಈ ಟಾಪಿಕ್ ಬೇಡ, ಬೇರೆ ಕೊಡಿ’ ಎಂಬ ಮಾತು ಬರುವುದು ಆಗಲೇ. ಬೇರೆ ವಿಷಯ ಕೊಡಬೇಡಿ. ಗೊಂದಲ ಬಂದಿದೆಯೆಂದರೆ ಓದಿದ್ದಾರೆ ಎಂದರ್ಥ; ಆ ಗುಂಪಿನ ಜೊತೆ ಐದು ನಿಮಿಷ ಕೂತು ಪ್ರಶ್ನೆಯನ್ನು ಕಿರಿದು ಮಾಡಿಸಿ.

ಎರಡನೆಯದು: ಕಪಾಟು, ಕ್ಯಾಟಲಾಗ್, ಪದಸೂಚಿ

ಮೊದಲ ಹತ್ತು ನಿಮಿಷ ವಿಶ್ವಕೋಶದಲ್ಲಿ ನಿದ್ದೆಯ ಲೇಖನ ಓದಿಸಿ. ಪ್ರತಿಗಳು ಕಡಿಮೆಯಿದ್ದರೆ ಪುಟಗಳನ್ನು ಜೆರಾಕ್ಸ್ ಮಾಡಿ ಹಂಚಿ. ಓದುವಾಗಲೇ ಹುಡುಕುಪದಗಳ ಪಟ್ಟಿ ಬೆಳೆಯಬೇಕು: ನಿದ್ದೆ, ನಿದ್ರಾಹೀನತೆ, ಕನಸು, ಮೆಲಟೋನಿನ್ (ನಿದ್ದೆಗೆ ಸಿದ್ಧಗೊಳಿಸುವ ಹಾರ್ಮೋನು), ಜೈವಿಕ ಗಡಿಯಾರ. ಕನ್ನಡದ ಕ್ಯಾಟಲಾಗ್‌ನಲ್ಲಿ ‘ನಿದ್ದೆ’ ಎಂದು ಹುಡುಕಿದರೆ ಶೀರ್ಷಿಕೆಯಲ್ಲಿ ‘ನಿದ್ರೆ’ ಎಂದಿರುವ ಪುಸ್ತಕ ಬರದೇ ಹೋಗಬಹುದು. ಕೆಲವು ಲೈಬ್ರರಿಗಳಲ್ಲಿ ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಲಿಪಿಯಲ್ಲಿ ನಮೂದಿಸಿರುತ್ತಾರೆ, ಆಗ ಕಾಗುಣಿತ ಇನ್ನಷ್ಟು ತೊಂದರೆ ಕೊಡುತ್ತದೆ. ಒಂದು ಪದಕ್ಕೆ ‘ಏನೂ ಇಲ್ಲ’ ಎಂದು ಬಂದರೆ ಪುಸ್ತಕ ಇಲ್ಲವೆಂದಲ್ಲ, ಆ ಪದದಿಂದ ಸಿಗಲಿಲ್ಲ ಎಂದಷ್ಟೇ. ಮೂರು ಪದ ಪ್ರಯತ್ನಿಸದೆ ಯಾರೂ ‘ಸಿಗಲಿಲ್ಲ’ ಎಂದು ಹೇಳುವಂತಿಲ್ಲ ಎಂಬ ನಿಯಮ ಮಾಡಿ. ಯಾವ ಪದ ಎಲ್ಲಿ ಹುಡುಕಿದರು, ಏನು ಸಿಕ್ಕಿತು ಎಂಬುದನ್ನು ಪ್ರತಿ ಗುಂಪು ಇಂದಿನಿಂದಲೇ ‘ಹುಡುಕಾಟದ ದಿನಚರಿ’ಯಲ್ಲಿ ಬರೆಯುತ್ತಾ ಹೋಗಲಿ.

ಇನ್ನು ಕಪಾಟು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಜ್ಞಾನವನ್ನೆಲ್ಲ 000ದಿಂದ 999ರವರೆಗೆ ಹತ್ತು ವರ್ಗಗಳಲ್ಲಿ ಹಂಚುತ್ತದೆ. ಹತ್ತೂ ವರ್ಗಗಳನ್ನು ಬಾಯಿಪಾಠ ಮಾಡಿಸುವುದು ವ್ಯರ್ಥ. ಅದರ ಬದಲು ಒಂದೇ ವಿಷಯ ಎಷ್ಟು ಕಡೆ ಚದುರಿರುತ್ತದೆಂದು ತೋರಿಸಿ. ಮನಸ್ಸಿನ ದೃಷ್ಟಿಯಿಂದ ನಿದ್ದೆ, ಕನಸು 154.6ರಲ್ಲಿ. ನಿದ್ದೆಯಲ್ಲಿ ಮೆದುಳು, ದೇಹ ಏನು ಮಾಡುತ್ತವೆ ಎಂಬುದು 612.821ರಲ್ಲಿ. ಆರೋಗ್ಯಕ್ಕಾಗಿ ಹೇಗೆ ಮಲಗಬೇಕು ಎಂಬುದು 613.794ರಲ್ಲಿ. ನಿದ್ದೆಯ ಕಾಯಿಲೆಗಳು 616.8498ರಲ್ಲಿ. ಒಂದು ಗುಂಪು 613ರ ಕಪಾಟಿನ ಮುಂದೆ ನಿಂತು ‘ಇಲ್ಲಿ ಎರಡೇ ಪುಸ್ತಕ ಇವೆ’ ಎಂದು ವಾಪಸ್ ಬರುತ್ತದೆ. ಅವರ ಪ್ರಶ್ನೆಗೆ ಉತ್ತರ ಇರುವ ಪುಸ್ತಕ ಮೂರು ಅಡಿ ಆಚೆ 612ರಲ್ಲಿರುತ್ತದೆ. ತಮ್ಮ ಪ್ರಶ್ನೆ ನಾಲ್ಕರಲ್ಲಿ ಯಾವ ಕಡೆಯದು ಎಂದು ಯೋಚಿಸಿದಾಗ ಪ್ರಶ್ನೆಯೂ ತಾನಾಗಿಯೇ ಸ್ಪಷ್ಟವಾಗುತ್ತದೆ.

ದಶಮಾಂಶದಲ್ಲಿ ಎಡವುವುದು ಸಾಮಾನ್ಯ. 551.46 ಮೊದಲು ಬರುತ್ತದೋ 551.5 ಮೊದಲೋ ಎಂದು ಕೇಳಿ. ‘ನಲವತ್ತಾರು ಐದಕ್ಕಿಂತ ದೊಡ್ಡದು, ಆದ್ದರಿಂದ 551.5 ಮೊದಲು’ ಎಂದು ಗಣಿತದಲ್ಲಿ ಚುರುಕಾಗಿರುವವರೂ ಹೇಳುತ್ತಾರೆ. ಚುಕ್ಕಿಯ ನಂತರ ಒಂದೊಂದೇ ಅಂಕಿ ಹೋಲಿಸಬೇಕು: 4 ಐದಕ್ಕಿಂತ ಚಿಕ್ಕದು, ಹಾಗಾಗಿ 551.46 ಮೊದಲು. ಇಂಥ ಹತ್ತು ಸಂಖ್ಯೆಗಳನ್ನು ಚೀಟಿಗಳಲ್ಲಿ ಬರೆದು ಗುಂಪಿಗೊಂದು ಕಟ್ಟು ಕೊಟ್ಟು ಜೋಡಿಸಲು ಹೇಳಿ. ಮೂರು ನಿಮಿಷ ಸಾಕು. ಪುಸ್ತಕ ವಾಪಸ್ ಇಡುವಾಗ ಆಗುವ ತಪ್ಪುಗಳೂ ಕಡಿಮೆಯಾಗುತ್ತವೆ, ಆದರೂ ಓದಿದ ಪುಸ್ತಕವನ್ನು ಮಕ್ಕಳು ಮೇಜಿನ ಮೇಲೇ ಬಿಡಲಿ. ತಪ್ಪು ಜಾಗದಲ್ಲಿ ಇಟ್ಟ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ.

ನಿಮ್ಮ ಲೈಬ್ರರಿಯಲ್ಲಿ ವರ್ಗೀಕರಣವೇ ಆಗಿಲ್ಲವೆಂದರೆ ಬೆನ್ನಿಗೆ ಹತ್ತು ಬಣ್ಣದ ಟೇಪ್ ಅಂಟಿಸಿ ಹತ್ತು ಮುಖ್ಯ ವರ್ಗಗಳನ್ನಾದರೂ ಬೇರ್ಪಡಿಸಿ. ಪೂರ್ಣ ಸಂಖ್ಯೆ ಆಮೇಲೆ ನೋಡಿಕೊಳ್ಳಬಹುದು.

ಕೊನೆಯ ಹತ್ತು ನಿಮಿಷ ಪದಸೂಚಿಗೆ. ಮಕ್ಕಳು ಪುಸ್ತಕದ ಮೊದಲ ಪುಟದಿಂದ ತಿರುವಿಹಾಕುತ್ತಾ ಹೋಗುತ್ತಾರೆ, ಹತ್ತನೇ ಪುಟಕ್ಕೆ ಬೇಸರ ಬಂದು ಮುಚ್ಚುತ್ತಾರೆ. ಹಿಂದಿನ ಪದಸೂಚಿಯಿಂದ ಶುರುಮಾಡುವುದನ್ನು ಅಭ್ಯಾಸ ಮಾಡಿಸಿ. ‘ಮೆಲಟೋನಿನ್ 31, 88–94, 120’ ಎಂದಿದ್ದರೆ ಮೊದಲು ತೆರೆಯಬೇಕಾದ್ದು 88. ಏಳು ಪುಟ ಬರೆದಿರುವುದು ಅಲ್ಲಿ, ಉಳಿದ ಎರಡು ಕಡೆ ಬರೀ ಹೆಸರು ಬಂದಿರಬಹುದು. ‘ಇದನ್ನೂ ನೋಡಿ’ ಎಂದಿದ್ದರೆ ಆ ಪದವೂ ಹುಡುಕುಪದಗಳ ಪಟ್ಟಿಗೆ ಸೇರಲಿ. ಬಹಳಷ್ಟು ಕನ್ನಡ ಪುಸ್ತಕಗಳಲ್ಲಿ ಪದಸೂಚಿ ಇರುವುದಿಲ್ಲ. ಅಲ್ಲಿ ಪರಿವಿಡಿ, ಅಧ್ಯಾಯದ ಮೊದಲ ಮತ್ತು ಕೊನೆಯ ಪ್ಯಾರಾ, ಉಪಶೀರ್ಷಿಕೆ ಇಷ್ಟನ್ನು ನೋಡಿ ಎರಡು ನಿಮಿಷದಲ್ಲಿ ಪುಸ್ತಕ ಬೇಕೋ ಬೇಡವೋ ನಿರ್ಧರಿಸಬೇಕು.

ಹೊರಡುವ ಮೊದಲು ಪ್ರತಿ ಗುಂಪು ತನ್ನ ಪ್ರಶ್ನೆಯನ್ನು ಪೆನ್ನಿನಲ್ಲಿ ಬರೆಯುತ್ತದೆ. ಪೆನ್ಸಿಲ್‌ನ ಹಳೆಯ ಪ್ರಶ್ನೆಯನ್ನು ಅಳಿಸಬಾರದು, ಅದಕ್ಕೂ ಅಂಕವಿದೆ.

ಮೂರನೆಯದು: ಕ್ಲಿಕ್ ಮಾಡುವ ಮೊದಲು

ಈ ಪೀರಿಯಡ್‌ಗೆ ಕಂಪ್ಯೂಟರ್ ಬೇಕಿಲ್ಲ. ಇದ್ದರೂ ಮೊದಲ ಇಪ್ಪತ್ತು ನಿಮಿಷ ಹಾಕಬೇಡಿ. ನಿಮ್ಮ ಪ್ರಶ್ನೆಗೆ ಬಂದ ಹುಡುಕು ಫಲಿತಾಂಶಗಳ ಪುಟವನ್ನು ಮುದ್ರಿಸಿ ಹಂಚಿ. ಹತ್ತರಲ್ಲಿ ಯಾವ ಮೂರನ್ನು ತೆರೆಯುತ್ತೀರಿ, ಯಾವುದನ್ನು ಬಿಡುತ್ತೀರಿ, ಏಕೆ ಎಂದು ಪಕ್ಕದಲ್ಲಿ ಬರೆಯಬೇಕು. ತೆರೆದ ಪರದೆಯ ಮುಂದೆ ಬೆರಳು ಮೊದಲನೆಯದಕ್ಕೇ ಹೋಗುತ್ತದೆ. ಕಾಗದದ ಮೇಲೆ ಕಣ್ಣು ಕೆಳಗಿನವರೆಗೂ ಇಳಿಯುತ್ತದೆ. ಏನನ್ನು ನೋಡಬೇಕು: ‘ಪ್ರಾಯೋಜಿತ’ ಎಂಬ ಗುರುತು ಇದೆಯೇ (ಅದು ಜಾಹೀರಾತು), ಜಾಲತಾಣ ಯಾರದು, ದಿನಾಂಕ ಯಾವುದು, ಎರಡು ಸಾಲಿನ ವಿವರದಲ್ಲಿ ತಮ್ಮ ಪ್ರಶ್ನೆಯ ಪದಗಳಿವೆಯೇ. ಈಗ ಎಲ್ಲಕ್ಕಿಂತ ಮೇಲೆ ಎಐ ಬರೆದ ಸಾರಾಂಶ ಬರುವುದುಂಟು. ಅದು ಆಧಾರವಲ್ಲ. ಅದರ ಪಕ್ಕದಲ್ಲಿ ಕೊಟ್ಟಿರುವ ಕೊಂಡಿಯನ್ನು ತೆರೆದು, ಸಾರಾಂಶ ಹೇಳಿದ್ದು ಅಲ್ಲಿ ನಿಜಕ್ಕೂ ಇದೆಯೇ ಎಂದು ನೋಡಿದ ಮೇಲೆ ಆ ಪುಟ ಆಧಾರವಾಗಬಹುದು.

ಹುಡುಕುವ ತಂತ್ರಗಳು ನಾಲ್ಕು ಸಾಕು. ಜೊತೆಯಾಗಿಯೇ ಬರಬೇಕಾದ ಪದಗಳಿಗೆ ಉದ್ಧರಣ ಚಿಹ್ನೆ. ಬೇಡವಾದ ಪದಕ್ಕೆ ಮೊದಲು, ಜಾಗ ಬಿಡದೆ, ಮೈನಸ್ ಗುರುತು. ಒಂದೇ ಜಾಲತಾಣದೊಳಗೆ ಹುಡುಕಲು ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಆ ತಾಣದ ವಿಳಾಸ. ಹೊಸದಷ್ಟೇ ಬೇಕಿದ್ದರೆ ದಿನಾಂಕದ ಮಿತಿ. ಹತ್ತು ತಂತ್ರ ಕಲಿಸಿದರೆ ಒಂದೂ ಉಳಿಯುವುದಿಲ್ಲ.

ನಾಲ್ಕನೆಯದು: ನಂಬುವುದೋ ಬಿಡುವುದೋ

ಆರರಲ್ಲಿ ಅತಿ ಮುಖ್ಯವಾದದ್ದು ಇದು. ಸಮಯ ಕಡಿಮೆಯಾದರೆ ಬೇರೆಯದನ್ನು ಕತ್ತರಿಸಿ, ಇದನ್ನಲ್ಲ.

ಜಾಲತಾಣವನ್ನು ಅಳೆಯಲು ಪ್ರಶ್ನಾವಳಿ ಕೊಡುವುದು ಹಳೆಯ ಪದ್ಧತಿ: ಲೇಖಕರ ಹೆಸರಿದೆಯೇ, ದಿನಾಂಕ ಇದೆಯೇ, ಕಾಗುಣಿತ ಸರಿಯಿದೆಯೇ, ‘ನಮ್ಮ ಬಗ್ಗೆ’ ಪುಟ ಇದೆಯೇ. ಮೋಸ ಮಾಡುವವರೂ ಇವೆಲ್ಲವನ್ನೂ ಚೆನ್ನಾಗಿಯೇ ಇಟ್ಟುಕೊಂಡಿರುತ್ತಾರೆ ಎಂಬುದೇ ಇದರ ತೊಡಕು. ವಿಳಾಸದ ಕೊನೆಯಲ್ಲಿ ಡಾಟ್ ಆರ್ಗ್ ಇದ್ದರೆ ನಂಬಬಹುದು ಎಂದು ಇಂದಿಗೂ ಕಲಿಸುವವರಿದ್ದಾರೆ. ಆ ವಿಳಾಸವನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಪಡೆಯಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರ್ಯೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕರ್‌ಗಳು (ಹೇಳಿಕೆಗಳ ಸತ್ಯಾಸತ್ಯ ಪರಿಶೀಲಿಸುವುದೇ ಕೆಲಸವಾಗಿರುವವರು), 25 ವಿದ್ಯಾರ್ಥಿಗಳಿಗೆ ಅಪರಿಚಿತ ಜಾಲತಾಣಗಳನ್ನು ಕೊಟ್ಟು ನೋಡಿದರು. ವಿದ್ಯಾರ್ಥಿಗಳೂ ಇತಿಹಾಸಕಾರರೂ ಆ ಪುಟದೊಳಗೇ ಮೇಲಿಂದ ಕೆಳಗೆ ಓದಿ, ಲಾಂಛನ, ವಿಳಾಸ ನೋಡಿ ಮೋಸಹೋಗುತ್ತಿದ್ದರು. ಫ್ಯಾಕ್ಟ್‌ಚೆಕರ್‌ಗಳು ಸ್ವಲ್ಪ ಹೊತ್ತಿಗೇ ಆ ಪುಟ ಬಿಟ್ಟು ಹೊಸ ಟ್ಯಾಬ್‌ಗಳನ್ನು ತೆರೆದು, ಇವರ ಬಗ್ಗೆ ಉಳಿದವರು ಏನು ಹೇಳುತ್ತಾರೆಂದು ನೋಡುತ್ತಿದ್ದರು. ಪುಟದ ಬಗ್ಗೆ ಪುಟವನ್ನೇ ಕೇಳಬೇಡಿ, ಪಕ್ಕದವರನ್ನು ಕೇಳಿ: ಇಷ್ಟನ್ನು ಮಕ್ಕಳು ಮಾಡಿ ನೋಡಬೇಕು.

ಮಾಡುವ ಬಗೆ ಹೀಗೆ. ನಿದ್ದೆಯ ಬಗ್ಗೆ ಎರಡು ಪುಟ ಆರಿಸಿ, ಒಂದು ವೈದ್ಯಕೀಯ ಸಂಸ್ಥೆಯದು, ಇನ್ನೊಂದು ಹಾಸಿಗೆ ಮಾರುವ ಕಂಪನಿಯ ಬ್ಲಾಗ್. ಎರಡನೆಯದು ನೋಡಲು ಇನ್ನೂ ಸೊಗಸಾಗಿರುತ್ತದೆ, ಅದರಲ್ಲಿ ಹೇಳಿದ್ದರಲ್ಲಿ ಬಹುಪಾಲು ಸರಿಯೂ ಇರಬಹುದು. ಗುಂಪಿಗೆ ನಾಲ್ಕು ನಿಮಿಷ ಕೊಡಿ. ಸಂಸ್ಥೆಯ ಹೆಸರನ್ನು ಹೊಸ ಟ್ಯಾಬ್‌ನಲ್ಲಿ ಹುಡುಕಿ, ಇದು ಯಾರದು, ಇವರಿಗೆ ಹಣ ಎಲ್ಲಿಂದ ಬರುತ್ತದೆ, ಓದುಗರು ಇದನ್ನು ನಂಬಿದರೆ ಇವರಿಗೇನು ಲಾಭ ಎಂಬುದಕ್ಕೆ ಒಂದೊಂದು ಸಾಲು ಬರೆಯಬೇಕು. ಹಾಸಿಗೆ ಕಂಪನಿಯ ಪುಟವನ್ನು ತಿರಸ್ಕರಿಸಲೇಬೇಕೆಂದಿಲ್ಲ. ‘ಎಷ್ಟು ಗಂಟೆ ಮಲಗಬೇಕು’ ಎಂಬುದಕ್ಕೆ ಅದನ್ನು ಇನ್ನೊಂದು ಕಡೆ ತಾಳೆ ನೋಡಿ ಬಳಸಬಹುದು, ‘ಹಾಸಿಗೆ ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು’ ಎಂಬುದಕ್ಕೆ ಬೇಡ. ಒಂದೇ ಆಧಾರ ಒಂದು ಪ್ರಶ್ನೆಗೆ ಸರಿ, ಇನ್ನೊಂದಕ್ಕೆ ತಪ್ಪು ಆಗುತ್ತದೆ ಎಂಬುದು ಅರ್ಥವಾದರೆ ಪೀರಿಯಡ್ ಸಾರ್ಥಕ.

ಮರದ ಮೇಲೆ ಬದುಕುವ ಆಕ್ಟೋಪಸ್ ಬಗ್ಗೆ 1998ರಿಂದ ಇರುವ ಹುಸಿ ಜಾಲತಾಣವನ್ನು ತೋರಿಸಿ ಪಾಠ ಮಾಡುವುದು ಬಹಳ ಕಡೆ ರೂಢಿ. ಮಕ್ಕಳಿಗೆ ಮಜಾ ಬರುತ್ತದೆ, ಆದರೆ ಸುಳ್ಳು ಎಂದರೆ ಯಾವಾಗಲೂ ಹೀಗೆ ನಗು ತರಿಸುವಂತೆಯೇ ಇರುತ್ತದೆ ಎಂಬ ಭಾವನೆ ಉಳಿಯುತ್ತದೆ. ನಿಜ ಜೀವನದಲ್ಲಿ ಎದುರಾಗುವುದು ಅರ್ಧ ಸತ್ಯ. ಬರೀ ಹುಸಿಗಳನ್ನೇ ತೋರಿಸಿದರೆ ‘ಎಲ್ಲಾ ಸುಳ್ಳೇ ಬಿಡಿ’ ಎನ್ನುವ ಮಕ್ಕಳೂ ಹುಟ್ಟಿಕೊಳ್ಳುತ್ತಾರೆ, ಅದು ಎಲ್ಲವನ್ನೂ ನಂಬುವುದಕ್ಕಿಂತ ಒಳ್ಳೆಯದೇನಲ್ಲ. ಗಟ್ಟಿಯಾದ ಆಧಾರವನ್ನು ಗುರುತಿಸಿ ನಂಬುವುದಕ್ಕೂ ಅಷ್ಟೇ ಅಭ್ಯಾಸ ಬೇಕು.

ಉಳಿದ ಅರ್ಧ ಪೀರಿಯಡ್‌ನಲ್ಲಿ ಒಂದು ಮಾತಿನ ಮೂಲಕ್ಕೆ ಹೋಗುವ ಕಸರತ್ತು. ‘ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕು’ ಎಂಬುದನ್ನು ಎಲ್ಲರೂ ಕೇಳಿರುತ್ತಾರೆ. ಇದಕ್ಕೆ ಮೂಲ ಎಂದು ಸಾಮಾನ್ಯವಾಗಿ ತೋರಿಸುವುದು ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿಯ 1945ರ ಶಿಫಾರಸು. ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಎಂದು ಅದು ಹೇಳುತ್ತದೆ. ಅಲ್ಲೇ, ಒಂದು ಸಾಲು ಬಿಟ್ಟು, ಇದರಲ್ಲಿ ಬಹುಪಾಲು ನಾವು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದೂ ಇದೆ. ಮೊದಲಿನದು ಊರೆಲ್ಲ ಸುತ್ತಿತು, ಆಮೇಲಿನದು ಅಲ್ಲೇ ಉಳಿಯಿತು. ಮಕ್ಕಳು ತಮ್ಮ ವಿಷಯದ ಒಂದು ಜನಪ್ರಿಯ ಮಾತನ್ನು ಹೀಗೇ ಬೆನ್ನಟ್ಟಲಿ: ಈ ಪುಟ ಯಾರನ್ನು ನೋಡಿ ಬರೆದಿದೆ, ಅವರು ಯಾರನ್ನು ನೋಡಿದ್ದಾರೆ? ಮೂರು ಹೆಜ್ಜೆ ಹಿಂದೆ ಹೋಗಿ ಎಲ್ಲಿ ನಿಂತಿತೆಂದು ಬರೆದರೆ ಸಾಕು. ಮೂಲ ಸಿಗದಿದ್ದರೆ ‘ಸಿಗಲಿಲ್ಲ’ ಎನ್ನುವುದೂ ಪೂರ್ಣ ಅಂಕದ ಉತ್ತರ.

ವಿಕಿಪೀಡಿಯ ಬಗ್ಗೆ ಜಗಳ ಬೇಡ. ಬಳಸಬಾರದೆಂದರೆ ಕದ್ದು ಬಳಸುತ್ತಾರೆ. ಲೇಖನದ ಅಡಿಯಲ್ಲಿರುವ ಉಲ್ಲೇಖಗಳಿಂದ ಎರಡನ್ನು ತೆರೆದು ಓದಿ, ಅವನ್ನು ಆಧಾರವಾಗಿ ಕೊಡಬೇಕೆಂದು ಹೇಳಿ. ಇತಿಹಾಸ ಮತ್ತು ಚರ್ಚೆ ಎಂಬ ಟ್ಯಾಬ್‌ಗಳನ್ನು ಒಮ್ಮೆ ತೆರೆದು ತೋರಿಸಿ. ಯಾರು ಯಾವಾಗ ಏನು ತಿದ್ದಿದರು, ಯಾವುದಕ್ಕೆ ಜಗಳವಾಡಿದರು ಎಂಬುದು ಅಲ್ಲಿದೆ. ಕನ್ನಡದ ಲೇಖನ ಚಿಕ್ಕದಿದ್ದರೆ ಅದೇ ಪುಟದಿಂದ ಇಂಗ್ಲಿಷ್ ಲೇಖನಕ್ಕೆ ಹೋಗಿ ಉಲ್ಲೇಖಗಳನ್ನು ನೋಡಬಹುದು.

ಚಾಟ್‌ಬಾಟ್ ವಿಷಯ ಬೇರೆ. ಅದು ಇಲ್ಲದ ಪುಸ್ತಕವನ್ನು, ಇರುವ ಲೇಖಕರ ಹೆಸರಿನಲ್ಲಿ, ಪುಟಸಂಖ್ಯೆಯ ಸಮೇತ ಹುಟ್ಟಿಸಬಲ್ಲದು. ಹುಡುಕುಪದಗಳನ್ನು ಸೂಚಿಸಲು, ಕಷ್ಟದ ಪ್ಯಾರಾವನ್ನು ಬಿಡಿಸಿ ಹೇಳಲು ಕೇಳಬಹುದು. ಅದು ಕೊಟ್ಟ ಪ್ರತಿ ಉಲ್ಲೇಖವನ್ನೂ ಕ್ಯಾಟಲಾಗ್‌ನಲ್ಲೋ ಪ್ರಕಾಶಕರ ತಾಣದಲ್ಲೋ ಕಣ್ಣಾರೆ ನೋಡದೆ ಪಟ್ಟಿಗೆ ಸೇರಿಸುವಂತಿಲ್ಲ.

ಐದನೆಯದು: ಟಿಪ್ಪಣಿ ಕಾರ್ಡು

ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೆ ಕಾರ್ಡು ಸಿದ್ಧ. ಒಂದು ಕಾರ್ಡಿಗೆ ಒಂದೇ ಸಂಗತಿ, ಒಂದೇ ಬದಿ. ನೋಟ್‌ಬುಕ್ಕಿನಲ್ಲಿ ಬರೆದರೆ ಪುಸ್ತಕದ ಅನುಕ್ರಮವೇ ಪ್ರಬಂಧದ ಅನುಕ್ರಮವಾಗುತ್ತದೆ. ಕಾರ್ಡುಗಳನ್ನು ಕಲೆಸಿ ಮತ್ತೆ ಜೋಡಿಸಬಹುದು. ಬಲ ಮೂಲೆಯಲ್ಲಿ ಆಧಾರದ ಸಂಖ್ಯೆ ಮತ್ತು ಪುಟ. ಎಡ ಮೂಲೆಯಲ್ಲಿ ಒಂದು ಅಕ್ಷರ: ‘ಉ’ ಎಂದರೆ ಇದ್ದದ್ದನ್ನು ಇದ್ದಂತೆ ಉದ್ಧರಿಸಿದ್ದು, ‘ಸ’ ಎಂದರೆ ಸ್ವಂತ ಮಾತಿನಲ್ಲಿ ಹೇಳಿದ್ದು, ‘ನ’ ಎಂದರೆ ನನ್ನ ಯೋಚನೆ. ಈ ಅಕ್ಷರ ಹಾಕದಿದ್ದರೆ ಎರಡು ವಾರದ ನಂತರ ಯಾವುದು ಪುಸ್ತಕದ ಸಾಲು, ಯಾವುದು ತನ್ನದು ಎಂದು ಬರೆದವರಿಗೇ ತಿಳಿಯುವುದಿಲ್ಲ. ಬೇಕೆಂದು ಮಾಡದ ಕೃತಿಚೌರ್ಯ ಬಹುತೇಕ ಹುಟ್ಟುವುದು ಇಲ್ಲೇ.

ಸ್ವಂತ ಮಾತು ಎಂದರೇನು ಎಂಬುದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಬೇಕು. ಪುಸ್ತಕದಲ್ಲಿ ಹೀಗಿದೆ ಎಂದುಕೊಳ್ಳಿ: ‘ಹದಿಹರೆಯದಲ್ಲಿ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುವುದರಿಂದ ನಿದ್ದೆ ಬರುವ ಸಮಯವೂ ಮುಂದಕ್ಕೆ ಹೋಗುತ್ತದೆ.’ ವಿದ್ಯಾರ್ಥಿ ಬರೆಯುವುದು: ‘ಟೀನೇಜಿನಲ್ಲಿ ಮೆಲಟೋನಿನ್ ಹಾರ್ಮೋನು ರಾತ್ರಿ ಲೇಟಾಗಿ ಬಿಡುಗಡೆಯಾಗುವುದರಿಂದ ನಿದ್ದೆಯ ಸಮಯ ಕೂಡ ಮುಂದೆ ಹೋಗುತ್ತದೆ.’ ಕೆಲವು ಪದ ಬದಲಾಗಿವೆ, ವಾಕ್ಯ ಅದೇ. ಇದು ತೇಪೆ. ಪುಸ್ತಕ ಮುಚ್ಚಿ, ಪಕ್ಕದ ಗೆಳೆಯನಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನೇ ಬರೆದರೆ ಹೀಗೆ ಬರಬಹುದು: ‘ಹದಿನೈದರ ಹುಡುಗ ಬೇಗ ಮಲಗಿದರೂ ಹೊರಳಾಡುವುದು ಹಟದಿಂದಲ್ಲ; ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಅವನ ದೇಹದಲ್ಲಿ ಆ ಹೊತ್ತಿಗೆ ಇನ್ನೂ ಏರಿರುವುದಿಲ್ಲ.’ ಬರೆದಾದ ಮೇಲೆ ಪುಸ್ತಕ ತೆರೆದು ಅರ್ಥ ಕೆಟ್ಟಿಲ್ಲವೆಂದು ತಾಳೆ ನೋಡಬೇಕು. ಮತ್ತು ಸ್ವಂತ ಮಾತಿನಲ್ಲಿ ಬರೆದರೂ ಆಧಾರ ಹೇಳಲೇಬೇಕು. ‘ನಾನೇ ಬರೆದೆನಲ್ಲ, ಇದಕ್ಕೇಕೆ’ ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಬರುತ್ತದೆ.

ಒಬ್ಬೊಬ್ಬರಿಗೆ ನಾಲ್ಕು ಕಾರ್ಡು, ಗುಂಪಿಗೆ ಹದಿನಾರು. ಕನಿಷ್ಠ ನಾಲ್ಕು ಆಧಾರ, ಅದರಲ್ಲಿ ಒಂದಾದರೂ ಪುಸ್ತಕ.

ಆರನೆಯದು: ಜೋಡಣೆ, ಆಧಾರಪಟ್ಟಿ, ಅಂಕ

ಹದಿನಾರೂ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಮೂರು ನಾಲ್ಕು ಗುಡ್ಡೆ ಮಾಡಿಸಿ. ಒಂಟಿಯಾಗಿ ಉಳಿದ ಕಾರ್ಡನ್ನು ಬಿಡಬೇಕು, ಎಷ್ಟೇ ಇಷ್ಟವಾಗಿದ್ದರೂ. ಎರಡು ಕಾರ್ಡು ಒಂದಕ್ಕೊಂದು ವಿರುದ್ಧ ಹೇಳಿದರೆ ಅವನ್ನು ಪಕ್ಕಪಕ್ಕ ಇಟ್ಟುಕೊಂಡೇ ಬರೆಯಬೇಕು. ಮಕ್ಕಳು ಸಾಮಾನ್ಯವಾಗಿ ಒಂದನ್ನು ಮೆಲ್ಲಗೆ ಮರೆಮಾಡುತ್ತಾರೆ.

ಆಧಾರಪಟ್ಟಿಗೆ ಇಡೀ ಶಾಲೆಗೆ ಒಂದೇ ಮಾದರಿ ಇರಲಿ. ಪುಸ್ತಕಕ್ಕೆ ಲೇಖಕರು, ಶೀರ್ಷಿಕೆ, ಪ್ರಕಾಶಕರು, ಊರು, ವರ್ಷ, ಪುಟ. ಇವನ್ನು ಮುಖಪುಟ ನೋಡಿ ಬರೆಯಬಾರದು, ಒಳಗಿನ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ ನೋಡಿ ಬರೆಯಬೇಕು. ಮರುಮುದ್ರಣದ ವರ್ಷವನ್ನೂ ಮೊದಲ ಮುದ್ರಣದ ವರ್ಷವನ್ನೂ ಅದಲುಬದಲು ಮಾಡುವುದು ಸಾಮಾನ್ಯ. ತಮ್ಮ ಕೈಯಲ್ಲಿರುವ ಆವೃತ್ತಿಯ ವರ್ಷ ಬೇಕು. ಜಾಲಪುಟಕ್ಕೆ ಲೇಖಕರು ಅಥವಾ ಸಂಸ್ಥೆ, ಪುಟದ ಶೀರ್ಷಿಕೆ, ತಾಣದ ಹೆಸರು, ದಿನಾಂಕ, ಪೂರ್ಣ ವಿಳಾಸ, ನೋಡಿದ ದಿನ. ಗೂಗಲ್ ಆಧಾರವಲ್ಲ, ಅದು ದಾರಿ ತೋರಿಸಿದ್ದು ಮಾತ್ರ. ಚಿತ್ರಗಳಿಗೂ ಇದೇ ಮಾತು.

ಇಂಗ್ಲಿಷ್ ಮಾದರಿಗಳು ಮನೆತನದ ಹೆಸರನ್ನು ಮುಂದಕ್ಕೆ ತರುತ್ತವೆ. ನಮ್ಮ ಬಹಳಷ್ಟು ಹೆಸರುಗಳಲ್ಲಿ ಮುಂದಿನ ಅಕ್ಷರ ಊರಿನದು ಅಥವಾ ತಂದೆಯದು, ಕೊನೆಯದು ಸ್ವಂತ ಹೆಸರು. ತಿರುಗಿಸಿ ಬರೆಯಲು ಹೋಗಿ ಮಕ್ಕಳು ಸ್ವಂತ ಹೆಸರನ್ನೇ ಮನೆತನದ ಹೆಸರಾಗಿ ಪಟ್ಟಿ ಮಾಡುತ್ತಾರೆ. ಕನ್ನಡ ಲೇಖಕರ ಹೆಸರನ್ನು ಶೀರ್ಷಿಕೆ ಪುಟದಲ್ಲಿ ಇರುವಂತೆಯೇ ಬರೆದು, ಮೊದಲ ಅಕ್ಷರದಿಂದ ಅಕಾರಾದಿಯಾಗಿ ಜೋಡಿಸುವುದು ಹೈಸ್ಕೂಲಿಗೆ ಸಾಕು.

ಅಂಕ 25 ಎಂದಿಟ್ಟುಕೊಂಡರೆ ಹಂಚಿಕೆ ಹೀಗಿರಬಹುದು:

ಪ್ರಶ್ನೆ, ಪೆನ್ಸಿಲ್‌ನಿಂದ ಪೆನ್ನಿಗೆ ಅದು ಬದಲಾದ ಬಗೆ – 5
ಹುಡುಕಾಟದ ದಿನಚರಿ (ಯಾವ ಪದ, ಎಲ್ಲಿ, ಏನು ಸಿಕ್ಕಿತು, ಮುಂದೇನು) – 5
ಆಧಾರಗಳನ್ನು ತೂಗಿದ ಟಿಪ್ಪಣಿ – 4
ಕಾರ್ಡುಗಳು – 5
ಅಂತಿಮ ಬರಹ ಮತ್ತು ಆಧಾರಪಟ್ಟಿ – 6

ಅಂತಿಮ ಬರಹಕ್ಕೆ ಕಾಲು ಭಾಗಕ್ಕಿಂತ ಕೊಂಚ ಕಡಿಮೆ. ಪೋಷಕರು ಮನೆಯಲ್ಲಿ ಬರೆದುಕೊಟ್ಟರೂ, ಚಾಟ್‌ಬಾಟ್ ಬರೆದುಕೊಟ್ಟರೂ ಹೆಚ್ಚೆಂದರೆ ಸಿಗುವುದು ಆರು. ದಿನಚರಿಯನ್ನು ಕೊನೆಯ ರಾತ್ರಿ ಕೂತು ಸೃಷ್ಟಿಸುವುದನ್ನು ತಡೆಯಲು ಎರಡನೇ ಪೀರಿಯಡ್‌ನಿಂದಲೇ ಪ್ರತಿ ಸಲ ಅದಕ್ಕೆ ಲೈಬ್ರರಿಯ ಮೊಹರು, ದಿನಾಂಕ ಬೀಳಲಿ. ಕೊನೆಗೆ ಗುಂಪಿನ ಕಾರ್ಡುಗಳಿಂದ ಕಣ್ಣುಮುಚ್ಚಿ ಒಂದನ್ನು ಎತ್ತಿ ‘ಇದನ್ನು ಎಲ್ಲಿಂದ ತಂದಿರಿ, ಏಕೆ ನಂಬಿದಿರಿ’ ಎಂದು ಯಾರಾದರೊಬ್ಬರನ್ನು ಕೇಳಿ. ಎರಡು ನಿಮಿಷದಲ್ಲಿ ಕೆಲಸ ಮಾಡಿದವರು ಯಾರೆಂದು ಗೊತ್ತಾಗುತ್ತದೆ.

ಕಿರಿಯ ತರಗತಿಗೆ ಆರೂ ಬೇಡ. ಮೊದಲ ವರ್ಷ ಪದಸೂಚಿ, ಕಪಾಟು ಮತ್ತು ನಾಲ್ಕು ಕಾರ್ಡು. ಎರಡನೇ ವರ್ಷ ಪ್ರಶ್ನೆ ಮತ್ತು ಆಧಾರ ತೂಗುವುದು. ಪೂರ್ಣ ಯೋಜನೆ ಅದರ ಮುಂದಿನ ವರ್ಷ, ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು.

ಮುಗಿದ ಮೇಲೆ ದಿನಚರಿಗಳನ್ನು ಲೈಬ್ರರಿಯಲ್ಲೇ ಇಟ್ಟುಕೊಳ್ಳಿ. ಯಾವ ಪದಕ್ಕೆ ಪದೇ ಪದೇ ‘ಸಿಗಲಿಲ್ಲ’ ಎಂದಿದೆಯೋ ಅದು ಎರಡರಲ್ಲೊಂದು: ಪುಸ್ತಕ ಇದೆ, ಕ್ಯಾಟಲಾಗ್‌ನಲ್ಲಿ ಆ ಪದ ಇಲ್ಲ, ಅಥವಾ ಪುಸ್ತಕವೇ ಇಲ್ಲ. ಮೊದಲನೆಯದಾದರೆ ಆ ಪುಸ್ತಕದ ನಮೂದಿಗೆ ಮಕ್ಕಳು ಬಳಸಿದ ಪದವನ್ನು ಸೇರಿಸಿ. ಎರಡನೆಯದಾದರೆ ಮುಂದಿನ ಖರೀದಿ ಪಟ್ಟಿಗೆ ಬರೆದುಕೊಳ್ಳಿ.